ಸೇರು

"ಒದಿ," ಎಂದು ರವೀಂದ್ರ ಮೆಲ್ಲಗೆ ಅವಳ ಭಾಷೆಯಲ್ಲಿ ಹೇಳಿದ. "ಬಲಗಾಲಲ್ಲಿ. ಜೋರಾಗಿ ಬೇಡ, ಸುಮ್ಮನೆ ತಾಗಿಸಿದರೂ ಸಾಕು."

ತಾನು ಕೇಳಿಸಿಕೊಂಡದ್ದು ತಪ್ಪಿರಬೇಕು ಎಂದುಕೊಂಡಳು ತಮಾಂಡ. ಆರು ವರ್ಷ ಮಲಾವಿಯಲ್ಲಿ ಬೋರ್‌ವೆಲ್ ಕೊರೆದು ಅವಳೂರಿನ ಮಾತನ್ನು ಸಲೀಸಾಗಿ ಆಡುತ್ತಿದ್ದ ಗಂಡನಿಗೆ ಒಂದೊಂದು ಸಲ ಪದ ಅದಲುಬದಲಾಗುವುದುಂಟು. ಮದುವೆಗೆ ಮುಂಚೆ ಅವಳ ಅಜ್ಜಿಗೆ, ನಿಮ್ಮನ್ನು ಕಂಡು ಸಂತೋಷವಾಯಿತು ಎನ್ನಲು ಹೋಗಿ, ನಿಮ್ಮನ್ನು ತಿಂದು ಸಂತೋಷವಾಯಿತು ಎಂದಿದ್ದ. ಹಾಗೇ ಏನೋ ಆಗಿರಬೇಕು.

ಹೊಸಿಲ ಮೇಲೆ ಒಂದು ಹಿತ್ತಾಳೆಯ ಸೇರು. ಅದರ ತುಂಬ ಅಕ್ಕಿ, ಅಕ್ಕಿಯ ಮೇಲೆ ಒಂದು ಅಚ್ಚು ಬೆಲ್ಲ. ಹೊಸಿಲಿನಾಚೆ ರವೀಂದ್ರನ ತಾಯಿ ಬರಗೇರಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ತಮಾಂಡಳ ಬೆನ್ನ ಹಿಂದೆ ಧರ್ಮಪುರದ ಆ ಬೀದಿಯ ಅರ್ಧ ಜನ ನೆರೆದಿದ್ದರು. ಎರಡು ವಿಮಾನ, ಬೆಂಗಳೂರಿನಿಂದ ಹಿರಿಯೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಅವಳ ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು.

"ಏನನ್ನು ಒದೀಲಿ?"

"ಆ ಅಕ್ಕೀನ."

ಅವಳೂರಿನಲ್ಲಿ ಹೊಲದ ಮೆಕ್ಕೆಜೋಳ ಬಲಿಯುವ ಮುಂಚಿನ ಜನವರಿ, ಫೆಬ್ರವರಿ ಹಸಿವಿನ ತಿಂಗಳುಗಳು. ಒರಳಿನಿಂದ ಹಾರಿದ ಒಂದು ಕಾಳಿಗೂ ಅಜ್ಜಿ ಅವಳನ್ನು ಮಂಡಿಯೂರಿಸಿ ಹುಡುಕಿಸುತ್ತಿದ್ದಳು. ಕಾಳು ಸಿಕ್ಕಿದ ಮೇಲೆ ಅದನ್ನು ಊದಿ, ಹಣೆಗೆ ಮುಟ್ಟಿಸಿ, ಮತ್ತೆ ಒರಳಿಗೆ ಹಾಕಬೇಕಿತ್ತು. ಕಾಲು ತಾಗಿದ ಕಾಳಿಗೆ ಕ್ಷಮೆ ಕೇಳಬೇಕಿತ್ತು.

ಇಲ್ಲಿ ಯಾರೋ ಮರೆತು ದಾರಿಗೆ ಅಡ್ಡವಾಗಿ ಅಕ್ಕಿ ಇಟ್ಟಿದ್ದಾರೆ, ತಾನು ಹೇಗೆ ನಡೆದುಕೊಳ್ಳುತ್ತೇನೆಂದು ಎಲ್ಲರೂ ನೋಡುತ್ತಿದ್ದಾರೆ ಎಂದು ಅವಳಿಗೆ ತೋಚಿತು. ಮಂಡಿಯೂರಿದಳು. ಎರಡೂ ಕೈಯಿಂದ ಸೇರನ್ನು ಎತ್ತಿ, ತಲೆ ತಗ್ಗಿಸಿ, ಅತ್ತೆಯ ಕಡೆಗೆ ಚಾಚಿದಳು.

ಬೀದಿಯವರೆಲ್ಲ ಕತ್ತು ಚಾಚಿ ನೋಡಿದರು.

"ಅಯ್ಯೋ, ವಾಪಸ್ ಕೊಟ್ಳಲ್ಲೇ ಬರಗೇರಕ್ಕ!" ಪಕ್ಕದ ಮನೆಯ ಜಯಶೀಲಾ ಬಾಯ ಮೇಲೆ ಕೈಯಿಟ್ಟುಕೊಂಡಳು. "ನಿಮ್ಮನೆ ಅಕ್ಕಿ ನಿಮಗೇ ಇರ್ಲಿ ಅಂದಂಗಾತು!"

ಬರಗೇರಮ್ಮನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಆರತಿ ತಟ್ಟೆಯನ್ನು ಜಯಶೀಲಾಳ ಕೈಗಿತ್ತು, ಸೇರನ್ನು ತೆಗೆದುಕೊಂಡಳು. ಆಮೇಲೆ ಅಕ್ಕಿ, ಬೆಲ್ಲ ಇದ್ದ ಹಾಗೇ ಅದನ್ನು ಪಡಸಾಲೆಯ ಗೂಡಿನಲ್ಲಿಟ್ಟಳು.

"ಬರ್ರಿ," ಎಂದಳು. "ಒಳಗೆ ಬರ್ರಿ. ಕುಂತ್ಕಳ್ರಿ."

ನೀಲಿ ಪ್ಲಾಸ್ಟಿಕ್ ಕುರ್ಚಿಯೊಂದು ಬಂತು.

ಆ ಕುರ್ಚಿಯಲ್ಲಿ ತಮಾಂಡ ಮೂರು ದಿನ ಕೂತಳು. ಕಸಬರಿಗೆ ಹಿಡಿದರೆ ಯಾರೋ ಬಂದು ಕಿತ್ತುಕೊಳ್ಳುತ್ತಿದ್ದರು. ಕೊಡ ಎತ್ತಿದರೆ "ಬ್ಯಾಡ್ರಿ ಬ್ಯಾಡ್ರಿ" ಎಂದು ಓಡಿಬರುತ್ತಿದ್ದರು. ಮಾವ ಓಬಣ್ಣ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋಗುವಾಗ ಅವಳ ಮುಂದೆ ನಿಂತು ಜೋರಾಗಿ ಮಾತಾಡುತ್ತಿದ್ದ. ಜೋರಾಗಿ ಹೇಳಿದರೆ ಯಾವ ದೇಶದವರಿಗಾದರೂ ಅರ್ಥವಾಗುತ್ತದೆ ಎಂಬುದು ಅವನ ನಂಬಿಕೆ.

"ಏನು ಹೆಸರಂದೆ? ತಮ್ಮಣ್ಣ?"

"ತಮಾಂಡ ಕಣಪ್ಪ," ಎಂದ ರವೀಂದ್ರ.

"ಅದೇ, ತಮ್ಮಣ್ಣ. ನಮ್ಮ ಸೋದರಮಾವನ ಹೆಸ್ರು. ಹೆಣ್ಣುಮಗೀಗೆ ಇಟ್ಟವ್ರೆ, ಇರ್ಲಿ ಬಿಡು, ಅಲ್ಲಿ ಹಂಗಿರಬೈದು. ತಮ್ಮಣ್ಣಾ! ಊಟ ಆತೇನ್ರೀ?"

ಊಟದ ಪ್ರಶ್ನೆ ಅವಳನ್ನು ಸುಸ್ತುಮಾಡಿತ್ತು. ಬೀದಿಯಲ್ಲಿ ಹೋಗುವವರು, ಬರುವವರು, ಬಸ್ಸಿಗೆ ಕಾಯುವವರು, ಗುರುತೇ ಇಲ್ಲದ ಮುದುಕರು, ಎಲ್ಲರೂ "ಊಟ ಆತಾ?" ಎನ್ನುತ್ತಿದ್ದರು. ಮೊದಲ ದಿನ ಅವಳು ಪ್ರಾಮಾಣಿಕವಾಗಿ "ಇಲ್ಲ" ಎಂದು ಎಲ್ಲರಿಗೂ ಹೇಳಿದ್ದಳು. ಸಂಜೆಯ ಹೊತ್ತಿಗೆ, ಬರಗೇರಮ್ಮ ಆಫ್ರಿಕಾದಿಂದ ಬಂದ ಹುಡುಗಿಯನ್ನು ಉಪವಾಸ ಕೆಡವಿದ್ದಾಳೆಂದು ಊರೆಲ್ಲ ಸುದ್ದಿ. ಹೊಟ್ಟೆ ಖಾಲಿಯಿದ್ದರೂ "ಆತು" ಎನ್ನಬೇಕೆಂದು ರವೀಂದ್ರ ಆಮೇಲೆ ಹೇಳಿಕೊಟ್ಟ. ಹಾಗಾದರೆ ಕೇಳುವುದೇಕೆ ಎಂದು ಅವಳು ಕೇಳಿದಳು. ಕೇಳದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದ ಅವನು.

ಇನ್ನೊಂದು ಸಂಜೆ ಜಯಶೀಲಾ ಹರಟೆ ಮುಗಿಸಿ ಎದ್ದು, "ಬರ್ತೀನಿ ಕಣಕ್ಕ," ಎಂದು ಹೋದಳು. 'ಬರ್ತೀನಿ' ತಮಾಂಡಳಿಗೆ ಗೊತ್ತಿದ್ದ ಹತ್ತು ಹನ್ನೆರಡು ಕನ್ನಡ ಪದಗಳಲ್ಲಿ ಒಂದು. ಅವಳು ತನ್ನ ಕುರ್ಚಿಯನ್ನು ಒರೆಸಿ, ಒಂದು ಲೋಟ ನೀರು ತುಂಬಿಟ್ಟು, ಬಾಗಿಲಲ್ಲಿ ನಿಂತು ಕಾದಳು. ಬೀದಿಯ ದೀಪ ಹತ್ತಿದರೂ ಜಯಶೀಲಾ ಬರಲಿಲ್ಲ. ಬರುತ್ತೇನೆ ಎಂದವರು ಬರುವುದಿಲ್ಲ, ಊಟ ಆಯಿತೇ ಎಂದವರು ಊಟ ಕೊಡುವುದಿಲ್ಲ, ಅಕ್ಕಿಯನ್ನು ಒದೆಯಬೇಕು; ಈ ದೇಶದಲ್ಲಿ ಯಾವುದನ್ನು ಹೇಗೆ ತೆಗೆದುಕೊಳ್ಳಬೇಕು?

ಎಲ್ಲಕ್ಕಿಂತ ಕಷ್ಟ ಊಟದ ಹೊತ್ತು. ಓಬಣ್ಣ ಹಿರಿಯೂರಿನ ಬೇಕರಿಯಿಂದ ಬ್ರೆಡ್ಡು, ಜಾಮು, ಬನ್ನು ತರಿಸಿದ್ದ. ಬರಗೇರಮ್ಮ ಅವನ್ನು ತಟ್ಟೆಯಲ್ಲಿ ಜೋಡಿಸಿ ಕುರ್ಚಿಯ ಮುಂದಿನ ಸ್ಟೂಲಿನ ಮೇಲಿಟ್ಟು, ಇನ್ನೇನಾದರೂ ಬೇಕಾದೀತೆಂದು ಪಕ್ಕದಲ್ಲೇ ನಿಲ್ಲುತ್ತಿದ್ದಳು. ಮನೆಗೆ ಬಂದವರು ಉಂಡು ಕೈತೊಳೆಯುವ ತನಕ ಅವಳು ತಾನೊಂದು ತುತ್ತು ಬಾಯಿಗಿಡುವವಳಲ್ಲ. ತಮಾಂಡಳಿಗೆ ಅಜ್ಜಿ ಹೇಳಿ ಕಳಿಸಿದ್ದೇ ಬೇರೆ: ಅತ್ತೆ ಕೂತು ಮೊದಲ ತುತ್ತು ತಿನ್ನದೆ ಸೊಸೆಯಾದವಳು ತಟ್ಟೆ ಮುಟ್ಟಬಾರದು. ಹಾಗಾಗಿ ಒಬ್ಬಳು ನಿಂತು ಕಾಯುತ್ತಿದ್ದಳು, ಇನ್ನೊಬ್ಬಳು ಕೂತು ಕಾಯುತ್ತಿದ್ದಳು. ಬ್ರೆಡ್ಡಿನ ಅಂಚು ಒಣಗಿ ಮೇಲಕ್ಕೆ ಬಾಗುತ್ತಿತ್ತು. ಕೊನೆಗೆ ಬರಗೇರಮ್ಮ ನಿಟ್ಟುಸಿರು ಬಿಟ್ಟು ಒಳಗೆ ಹೋದ ಮೇಲೆ ತಮಾಂಡ ಎರಡು ಚೂರು ಅವಸರದಲ್ಲಿ ನುಂಗುತ್ತಿದ್ದಳು.

ಒಳಗಿನಿಂದ ಹಿಟ್ಟು ಬೇಯುವ ವಾಸನೆ ಬರುತ್ತಿತ್ತು. ಬಿಸಿ ಹಿಟ್ಟಿಗೆ ಕೋಲು ಹಾಕಿ ತಿರುವುವ ಮಂದವಾದ ಸದ್ದು. ಅವಳಿಗೆ ಆ ಸದ್ದು ಚೆನ್ನಾಗಿ ಗೊತ್ತಿತ್ತು. ಅವಳ ತಾಯಿಯ ಮನೆಯಲ್ಲಿ ದಿನಕ್ಕೆರಡು ಸಲ ಕೇಳುವ ಸದ್ದು ಅದು. ಅಲ್ಲಿ ಅದರ ಹೆಸರು ನ್ಸೀಮಾ, ಮೆಕ್ಕೆಜೋಳದ ಬಿಳಿ ಹಿಟ್ಟಿನದು. ಇಲ್ಲಿ ಅದು ಕಪ್ಪಗೆ ಗುಂಡಗೆ ರವೀಂದ್ರನ ತಟ್ಟೆಯಲ್ಲಿ, ಓಬಣ್ಣನ ತಟ್ಟೆಯಲ್ಲಿ ಕಾಣುತ್ತಿತ್ತು. ಅವಳ ತಟ್ಟೆಗೆ ಮಾತ್ರ ಬರಲಿಲ್ಲ.

"ಅವರಿಗೆ ಮುದ್ದೆ ಸೇರಲ್ಲ ಕಣಪ್ಪ," ಎನ್ನುತ್ತಿದ್ದಳು ಬರಗೇರಮ್ಮ, ಮಗ ಕೇಳಿದರೆ. "ನುಂಗಾಕೆ ಬರದೆ ಗಂಟಲಿಗೆ ಸಿಕ್ಕಂಡ್ರೆ ಏನ್ಮಾಡದು?"

ಮೂರನೆಯ ದಿನ ಸಂಜೆ ಕುರಿಹಟ್ಟಿಯ ಬೇಲಿಯ ಹತ್ತಿರ ನಿಂತು ತಮಾಂಡ ಗಂಡನನ್ನು ಕೇಳಿದಳು. "ಇವರೆಲ್ಲ ನಿನಗೆ 'ಬಾ' ಅಂತಾರೆ. ಜಯಶೀಲಾಗೂ 'ಬಾ'. ಆ ಟಗರಿಗೂ 'ಬಾ'. ನನಗೆ ಮಾತ್ರ 'ಬರ್ರಿ'. ಯಾಕೆ?"

"ಅದು ಮರ್ಯಾದೆ."

"ಟಗರಿಗಿಂತ ನನಗೆ ಹೆಚ್ಚು ಮರ್ಯಾದೆ. ಸರಿ. ನಿನಗಿಂತಲೂ ಯಾಕೆ?"

ರವೀಂದ್ರ ಬೇಲಿಯ ಮುಳ್ಳೊಂದನ್ನು ಮುರಿದ. ಆಮೇಲೆ ಎಲ್ಲವನ್ನೂ ಹೇಳಿದ. ಸೇರನ್ನು ಒದ್ದು ಬಂದರೆ ಮನೆ ತುಂಬಿಸಿಕೊಂಡ ಹಾಗೆ, ಆ ಅಕ್ಕಿ ಮನೆಯೊಳಗೆ ಚೆಲ್ಲಿದರೆ ಅವಳು ಮನೆಯ ಸೊಸೆ. ಒದೆಯದೆ ಬಂದವಳು ಎಷ್ಟು ದಿನ ಇದ್ದರೂ ನೆಂಟಳು. ಅದನ್ನು ಎತ್ತಿ ವಾಪಸ್ ಕೊಟ್ಟವರನ್ನು ಧರ್ಮಪುರದಲ್ಲಿ ಯಾರೂ ಈವರೆಗೆ ನೋಡಿಲ್ಲ.

"ನೀನು ಮೊದಲೇ ಹೇಳಬಹುದಿತ್ತಲ್ಲ!"

"ಎಲ್ಲರಿಗೂ ಗೊತ್ತಿರೋದು ಅಂದ್ಕೊಂಡಿದ್ದೆ," ಎಂದ ಅವನು. ನಿಜವಾಗಿಯೂ ಹಾಗೇ ಅಂದುಕೊಂಡಿದ್ದ.

ಇನ್ನು ಐದು ದಿನಕ್ಕೆ ಅವನು ಹೊರಡಬೇಕಿತ್ತು. ಕಂಪನಿ ಬೋರ್‌ವೆಲ್ ಲಾರಿಗಳನ್ನು ಮೊಜಾಂಬಿಕ್ ಕಡೆಗೆ ಕಳಿಸುತ್ತಿತ್ತು. ಐದು ತಿಂಗಳು ಕಾಡಿನಲ್ಲಿ ಟೆಂಟು, ಹೆಂಡತಿಯರನ್ನು ಕರೆದೊಯ್ಯುವ ಹಾಗಿಲ್ಲ. ಅಷ್ಟು ದಿನ ತಮಾಂಡ ಇಲ್ಲಿ, ಅತ್ತೆ ಮಾವನ ಜೊತೆ ಇರುವುದೆಂದು ಅವರಿಬ್ಬರೂ ಮಾತಾಡಿಕೊಂಡು ಬಂದಿದ್ದರು. ಅವಳೇ ಬಯಸಿದ್ದು ಅದು. ಶಾಲೆಯಲ್ಲಿ ರಜೆ ಹಾಕಿ, ಗಂಡನ ಮನೆ ನೋಡಬೇಕು, ಅಲ್ಲಿ ಬದುಕಬೇಕು ಎಂದು ಊರಿಗೆಲ್ಲ ಹೇಳಿ ಬಂದಿದ್ದಳು. ಆದರೆ ನೆಂಟಳೊಬ್ಬಳು ನೀಲಿ ಕುರ್ಚಿಯ ಮೇಲೆ ಐದು ತಿಂಗಳು ಕೂರಲಾಗುತ್ತದೆಯೇ?

"ಇನ್ನೊಂದು ಸಲ ಇಡಲಿ. ಒದೀತೀನಿ," ಎಂದಳು. ಹೇಳಿದ ಮೇಲೆ ಕಾಲು ನೋಡಿಕೊಂಡಳು. ಅದು ಮೇಲೇಳುತ್ತದೆಂಬ ಧೈರ್ಯ ಅವಳಿಗಿರಲಿಲ್ಲ.

ರವೀಂದ್ರ ಅಡುಗೆಮನೆಗೆ ಹೋಗಿ ತಾಯಿಯನ್ನು ಕೇಳಿದ. ತಮಾಂಡ ಪಡಸಾಲೆಯಲ್ಲಿ ನಿಂತು ಕೇಳಿಸಿಕೊಂಡಳು. ಮಾತು ತಿಳಿಯದಿದ್ದರೂ ದನಿ ತಿಳಿಯುತ್ತಿತ್ತು.

"ಎಲ್ಡನೇ ಸಲ ಇಡಾಕೆ ಅದೇನು ಆಟದ ಸಾಮಾನೇನಪ್ಪ? ಆ ಹುಡುಗಿಗೆ ನಮ್ಮನೆ ಸೇರಿಲ್ಲ ಕಣೋ. ಬ್ರೆಡ್ಡು ಸೈತ ಮುಟ್ಟಲ್ಲ, ನಾನು ನಿಂತಿದ್ರೆ ತಲೆ ಎತ್ತಲ್ಲ. ಬಲವಂತಕ್ಕೆ ಇಟ್ಕಳಾಕೆ ಆತದಾ? ಅವರವ್ವ ಅಲ್ಲಿ ಎಷ್ಟು ದಾರಿ ನೋಡ್ತಿರ್ತಾಳೋ. ಕರ್ಕಂಡು ಹೋಗಿ ಬಿಟ್ಟು ಬಾ."

"ಏನಂದರು?" ಎಂದು ತಮಾಂಡ ಕೇಳಿದಾಗ ರವೀಂದ್ರ ಕೊನೆಯ ಮಾತನ್ನು ನುಂಗಿಕೊಂಡ. 'ಸೇರು' ಎಂದರೆ ಅಳೆಯುವ ಪಾತ್ರೆ ಎಂದ. ಸೇರು ಎಂದರೆ ಹಿಡಿಸುವುದು ಎಂದೂ ಆಗುತ್ತದೆ ಎಂದ. ಒಂದಾಗು, ಒಳಗೆ ಹೋಗು ಎಂದೂ ಆಗುತ್ತದೆ ಎಂದ. ಒಂದೇ ಪದಕ್ಕೆ ಇಷ್ಟೊಂದು ಬಾಗಿಲುಗಳೇ ಎಂದು ಅವಳು ಗೂಡಿನಲ್ಲಿದ್ದ ಹಿತ್ತಾಳೆಯ ಪಾತ್ರೆಯನ್ನು ನೋಡಿದಳು. ಬೆಲ್ಲಕ್ಕೆ ಇರುವೆ ಹತ್ತಿತ್ತು.

ಆರನೆಯ ದಿನ ರವೀಂದ್ರ, ತಾಯಿ ಹೇಳಿದಂತೆ, ಅವಳ ವಾಪಸ್ ಟಿಕೆಟ್ಟಿನ ತಾರೀಕು ಗೊತ್ತುಮಾಡಿಸಲು ಹಿರಿಯೂರಿಗೆ ಹೋದ. ಓಬಣ್ಣ ಕುರಿಯ ಹಿಂದೆ ಹೋಗಿದ್ದ. ಬಿತ್ತನೆಗೆ ಇನ್ನೇನು ದಿನ ಹತ್ತಿರವಾಗಿ, ಪಡಸಾಲೆಯಲ್ಲಿ ಬರಗೇರಮ್ಮ ಮತ್ತು ಜಯಶೀಲಾ ಬೀಜದ ಶೇಂಗಾ ಸುಲಿಯುತ್ತಿದ್ದರು. ತಮಾಂಡ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತು ನೋಡಿದಳು. ಆಮೇಲೆ ಇಳಿದು ನೆಲದ ಮೇಲೆ, ಚೀಲದ ಪಕ್ಕ ಕೂತಳು.

"ಅಯ್ಯೋ ಬ್ಯಾಡ್ರಿ, ಮ್ಯಾಲೆ ಕುಂತ್ಕಳ್ರಿ," ಎಂದಳು ಬರಗೇರಮ್ಮ.

ತಮಾಂಡ ಆಗಲೇ ಒಂದು ಕಾಯನ್ನು ಎತ್ತಿಕೊಂಡಿದ್ದಳು. ತುದಿಯನ್ನು ಹೆಬ್ಬೆರಳಲ್ಲಿ ಒತ್ತಿದಳು, ಟಪ್ ಎಂದಿತು, ಬೀಜದ ಕೆಂಪು ಸಿಪ್ಪೆಗೆ ಉಗುರು ತಾಗದ ಹಾಗೆ ಎರಡು ಬೀಜ ಮೊರಕ್ಕೆ ಬಿದ್ದವು. ಟಪ್. ಟಪ್.

"ಲೇ ಅಕ್ಕ, ಮಿಷನ್ ಇದ್ದಂಗೈತಲ್ಲೇ ಕೈ!" ಎಂದಳು ಜಯಶೀಲಾ. "ನಮ್ಮನೆಗೂ ಎಲ್ಡು ದಿನ ಕಳ್ಸು. ಹೆಂಗೂ ಹೋಗೋರು, ಹೋಗೋಕೆ ಮುಂಚೆ ಒಂದು ಚೀಲ ಸುಲ್ದು ಹೋಗ್ಲಿ."

"ಸುಮ್ನೆ ಕುಂತ್ಕಳೇ, ಬಾಯಿ ಇದ್ದಷ್ಟು ಕೈ ಇಲ್ಲ ನಿಂದು."

ಸ್ವಲ್ಪ ಹೊತ್ತಿಗೆ ಜಯಶೀಲಾಳ ಫೋನು ಬಡಿದುಕೊಂಡಿತು. "ಬರ್ತೀನಿ ಕಣಕ್ಕ," ಎಂದು ಅವಸರದಲ್ಲಿ ಎದ್ದಳು. ಕಾಲು ತಾಗಿ ಮೊರ ಮಗುಚಿತು. ಬೀಜಗಳು ಪಡಸಾಲೆಯ ತುಂಬ ಉರುಳಿದವು. "ಅಯ್ಯೋ, ಹೋಗ್ಲಿ ಬಿಡು, ಕೋಳಿ ತಿಂತಾವೆ," ಎಂದು ಫೋನಿನಲ್ಲಿ ಮಾತಾಡುತ್ತಲೇ ಹೊರಟುಹೋದಳು.

ತಮಾಂಡ ಮಂಡಿಯೂರಿದ್ದಳು. ಮೊದಲು ಕಣ್ಣಿಗೆ ಕಾಣುವುದನ್ನು, ಆಮೇಲೆ ಚೀಲದ ಅಡಿಯದನ್ನು, ಆಮೇಲೆ ಕಂಬದ ಬುಡದ್ದನ್ನು ಆಯ್ದಳು. ನೆಲದ ಕಲ್ಲುಚಪ್ಪಡಿಗಳ ಸಂದಿನಲ್ಲಿ ಒಂದು ಬೀಜ ಸಿಕ್ಕಿಕೊಂಡಿತ್ತು. ಜಡೆಯಿಂದ ಪಿನ್ನು ತೆಗೆದು ಅದನ್ನು ಮೆಲ್ಲಗೆ ಎಬ್ಬಿಸಿದಳು, ಊದಿದಳು, ಹಣೆಗೆ ಮುಟ್ಟಿಸಿ ಮೊರಕ್ಕೆ ಹಾಕಿದಳು.

ಬರಗೇರಮ್ಮ ಸುಲಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

"ಹಕ್ಕಲು," ಎಂದಳು ತನಗೆ ತಾನೇ. ಆಮೇಲೆ, ಈ ಹುಡುಗಿಗೆ ತಿಳಿಯುವುದಿಲ್ಲ ಎಂದು ಗೊತ್ತಿದ್ದೂ, ಕೈಯನ್ನು ಮೊಣಕಾಲೆತ್ತರಕ್ಕೆ ಹಿಡಿದು ಹೇಳತೊಡಗಿದಳು. "ನಾನು ಈಟಿದ್ದೆ. ಬ್ಯಾರೇರು ಶೇಂಗಾ ಕಿತ್ತ ಹೊಲ್ದಾಗೆ, ನಮ್ಮವ್ವನ ಹಿಂದೆ. ಮುರುದ ಕುಡುಗೋಲು ನನ್ನ ಕೈಯಾಗೆ. ಕೆದಕದು, ಆಯದು, ಕೆದಕದು, ಆಯದು. ಹೊತ್ತು ಮುಳುಗಾ ಹೊತ್ತಿಗೆ ಇಷ್ಟು." ಸೆರಗನ್ನು ಮಡಿಲಲ್ಲಿ ಗುಳಿಮಾಡಿ ಎಷ್ಟು ಎಂದು ತೋರಿಸಿದಳು.

ತಮಾಂಡ ಆ ಕೈಯ ಚಲನೆಯನ್ನೇ ನೋಡಿದಳು. ಅವಳ ಮುಖ ತಟ್ಟನೆ ಅರಳಿತು. "ಕುಂಖಾ!" ಎಂದಳು. ಬಗ್ಗಿ, ನೆಲ ಕೆದಕಿ, ಬೆರಳಲ್ಲಿ ಎತ್ತಿ, ತಾನು ಉಟ್ಟಿದ್ದ ಬಟ್ಟೆಯನ್ನೇ ಗುಳಿಮಾಡಿ ಅದರೊಳಗೆ ಹಾಕಿದ ಹಾಗೆ ಮಾಡಿ ತೋರಿಸಿದಳು. "ಕುಂಖಾ, ಅವ್ವ. ನಾನು. ಈಟು." ಅಂಗೈಯನ್ನು ನೆಲದಿಂದ ಎರಡಡಿ ಮೇಲೆ ಹಿಡಿದಳು.

ಬರಗೇರಮ್ಮ ಗೂಡಿನ ಕಡೆ ಒಮ್ಮೆ ನೋಡಿದಳು. ಎದ್ದು ಅಡುಗೆಮನೆಗೆ ಹೋದಳು.

ತಮಾಂಡ ಹಿಂದೆಯೇ ಹೋದಳು. ಆರು ದಿನದಲ್ಲಿ ಅವಳು ಅಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ಒಲೆಯ ಮೇಲೆ ಹಿಟ್ಟು ಉಕ್ಕುತ್ತಿತ್ತು. ಬರಗೇರಮ್ಮ ಪಾತ್ರೆಯನ್ನು ಕೆಳಗಿಳಿಸಿ ಕೋಲು ತೆಗೆದುಕೊಂಡಾಗ ತಮಾಂಡ ಎರಡೂ ಕೈ ಚಾಚಿದಳು.

"ಬ್ಯಾಡ್ರಿ, ಸುಡ್ತೈತೆ."

ಕೈ ಹಿಂದೆ ಹೋಗಲಿಲ್ಲ. ಬರಗೇರಮ್ಮ ಕೋಲು ಕೊಟ್ಟಳು. ತಮಾಂಡ ಪಾತ್ರೆಯನ್ನು ಬಟ್ಟೆಯಿಂದ ಹಿಡಿದು, ಮೈಭಾರವೆಲ್ಲ ತೋಳಿಗೆ ಬಿಟ್ಟು, ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ಹಿಟ್ಟನ್ನು ತಿರುವಿದಳು. ಬಣ್ಣ ಬೇರೆ, ವಾಸನೆ ಬೇರೆ. ಕೋಲಿಗೆ ಹಿಟ್ಟು ಎದುರು ನಿಲ್ಲುವ ರೀತಿ ಮಾತ್ರ ಅದೇ. ಒಂದು ಗಂಟೂ ಉಳಿಯಲಿಲ್ಲ. ಆಮೇಲೆ ಚಮಚವನ್ನು ನೀರಿಗೆ ಅದ್ದಿ, ತನ್ನೂರಿನಲ್ಲಿ ಮಾಡುವ ಹಾಗೆ, ಚಪ್ಪಟೆಯಾಗಿ ಮೀನಿನ ಆಕಾರಕ್ಕೆ ತಟ್ಟೆಗೆ ಬಡಿಸಿದಳು.

ಬರಗೇರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ತಡೆಯಲಾಗದೆ ನಕ್ಕುಬಿಟ್ಟಳು. "ಇದೇನಿದು, ಚಪ್ಪಲಿ ಇದ್ದಂಗೆ!" ಕೈ ಒದ್ದೆಮಾಡಿಕೊಂಡು, ಅದನ್ನೇ ಎತ್ತಿ ಉರುಳಿಸಿ ಉರುಳಿಸಿ ಗುಂಡಗೆ ಮಾಡಿ ತೋರಿಸಿದಳು. ತಮಾಂಡಳೂ ನಕ್ಕಳು. ಅವಳು ಮಾಡಿದ ಉಂಡೆ ಒಂದು ಕಡೆ ವಾಲಿತ್ತು.

ಎರಡು ತಟ್ಟೆ, ಎರಡು ಮುದ್ದೆ, ಸೊಪ್ಪಿನ ಸಾರು, ಪಕ್ಕದಲ್ಲಿ ಶೇಂಗಾ ಚಟ್ನಿ. ತಮಾಂಡ ಚೊಂಬಿನಲ್ಲಿ ನೀರು ತಂದು, ಮಂಡಿಯೂರಿ, ಅತ್ತೆಯ ಕೈಗೆ ಸುರಿದಳು. ಕೈ ತೊಳೆಸಿಕೊಂಡು ಬರಗೇರಮ್ಮ ಕೂತಳು. ತಮಾಂಡಳೂ ಕೂತಳು. ಇಬ್ಬರೂ ಕಾದರು.

"ಉಣ್ರಿ."

ತಮಾಂಡ ಅತ್ತೆಯ ತಟ್ಟೆಯನ್ನು ತೋರಿಸಿದಳು.

"ನಂದು ಇರ್ಲಿ, ನೀವು ಮದ್ಲು."

ತಮಾಂಡ ಮತ್ತೆ ಅದನ್ನೇ ತೋರಿಸಿದಳು. ಅವಳ ಕಣ್ಣು ಮುದ್ದೆಯ ಮೇಲೆ ನೆಟ್ಟಿತ್ತು, ಗಂಟಲು ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು, ಕೈ ಮಾತ್ರ ಮಡಿಲಿನಿಂದ ಅಲುಗಲಿಲ್ಲ. ಬರಗೇರಮ್ಮ ಆ ಗಂಟಲನ್ನು ನೋಡಿದಳು. ಹಸಿದ ಮಗುವಿನ ಗಂಟಲು ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆರು ದಿನದ ಒಣಗಿದ ಬ್ರೆಡ್ಡು ಅವಳ ಕಣ್ಣ ಮುಂದೆ ಬಂತು.

"ಹಿಂಗೋ," ಎಂದಳು. ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ತಮಾಂಡಳಿಗೆ ಕಾಣುವ ಹಾಗೆ ಬಾಯಿಗಿಟ್ಟುಕೊಂಡು ನುಂಗಿದಳು.

ಅದು ಗಂಟಲಿಗಿಳಿಯುವ ಮುಂಚೆಯೇ ತಮಾಂಡಳ ಕೈ ತಟ್ಟೆಗೆ ಬಿದ್ದಿತ್ತು. ದೊಡ್ಡ ತುತ್ತು ಮುರಿದು ಬಾಯಿಗಿಟ್ಟು ಜಗಿಯತೊಡಗಿದಳು. ಮುದ್ದೆ ಹಲ್ಲಿಗೆ ಅಂಟಿತು.

"ಅಗೀಬ್ಯಾಡ ಕಣೇ! ನುಂಗು! ಹಲ್ಲಿಗೆ ಮೆತ್ಕಂತೈತೆ, ಗುಟುಕ್ ಅಂತ ನುಂಗು!"

ಆ ಮಾತಿನಲ್ಲಿ ಏನೋ ಒಂದು ಕಡಿಮೆಯಾಗಿದೆ ಎಂದು ತಮಾಂಡಳಿಗೆ ಅನ್ನಿಸಿತು. ಏನೆಂದು ಗೊತ್ತಾಗಲಿಲ್ಲ. ಗದರಿದರೋ, ತಪ್ಪಾಯಿತೋ ಎಂದು ಅತ್ತೆಯ ಮುಖ ನೋಡಿದಳು. ಅತ್ತೆ ತನ್ನ ತಟ್ಟೆಯಿಂದ ಅರ್ಧ ಮುದ್ದೆ ಮುರಿದು ಅವಳ ತಟ್ಟೆಗೆ ಹಾಕುತ್ತಿದ್ದಳು.

ಊಟವಾದ ಮೇಲೆ ಬರಗೇರಮ್ಮ ಪಡಸಾಲೆಗೆ ಬಂದು ಬೀದಿಬಾಗಿಲ ಕಡೆ ಕೈ ತೋರಿಸಿದಳು. "ನಡಿ, ಹೊರಗೆ ನಡಿ."

ತಮಾಂಡ ಬಾಗಿಲನ್ನೂ ಅತ್ತೆಯ ಮುಖವನ್ನೂ ನೋಡಿದಳು. ಈಗ ತಾನೆ ನಕ್ಕಿದ್ದರಲ್ಲ. ಕೋಲು ಮುಟ್ಟಿದ್ದು ತಪ್ಪಾಯಿತೇ, ಅಷ್ಟೊಂದು ತಿಂದದ್ದು ತಪ್ಪಾಯಿತೇ? ಒದ್ದೆ ಕೈಯಲ್ಲೇ ಹೊಸಿಲು ದಾಟಿ ಬಿಸಿಲಿಗೆ ಹೋಗಿ ನಿಂತಳು. ಕಾಲ ಕೆಳಗೆ ನೆಲ ಸುಡುತ್ತಿತ್ತು. ಬಾಗಿಲು ಮುಚ್ಚುತ್ತದೆಂದು ಕಾದಳು.

ಬರಗೇರಮ್ಮ ಗೂಡಿನಿಂದ ಸೇರನ್ನು ಇಳಿಸಿದಳು. ಬೆಲ್ಲಕ್ಕೆ ಹತ್ತಿದ್ದ ಇರುವೆಗಳನ್ನು ಊದಿದಳು. ಅದನ್ನು ಹೊಸಿಲ ಮೇಲಿಟ್ಟು, ಆಮೇಲೆ ಒಳಗಡೆ, ಹೊಸಿಲಿಗೆ ಹತ್ತಿಕೊಂಡು ನೆಲದ ಮೇಲೆ ಕೂತಳು. ಹೆಗಲ ಸೆರಗನ್ನು ತೆಗೆದು, ಕಲ್ಲಿನ ಮೇಲೆ ಅಗಲವಾಗಿ ಹಾಸಿ, ಎರಡು ತುದಿಗಳನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು.

"ಬಾ," ಎಂದಳು.

ತಮಾಂಡ ಸೆರಗನ್ನು ನೋಡಿದಳು. ಸೇರನ್ನು ನೋಡಿದಳು. ಬಲಗಾಲು ಮೇಲೆದ್ದು ಗಾಳಿಯಲ್ಲಿ ನಿಂತಿತು, ಹೆಬ್ಬೆರಳು ತಣ್ಣನೆಯ ಹಿತ್ತಾಳೆಗೆ ಸೋಕಿತು. ಸೇರು ವಾಲಿ, ಅಕ್ಕಿ ಒಂದೇ ಸಮನೆ ಸದ್ದುಮಾಡುತ್ತ ಸೆರಗಿಗೆ ಇಳಿಯಿತು. ಬೆಲ್ಲ ಉರುಳಿ ಬರಗೇರಮ್ಮನ ಮಡಿಲಿಗೆ ಬಿತ್ತು. ನಾಲ್ಕಾರು ಕಾಳು ಸೆರಗಿನ ಅಂಚು ಹಾರಿ ನೆಲಕ್ಕೆ ಚದುರಿದವು.

ತಮಾಂಡ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇದ್ದ ಹಾಗೇ ಹೊಸಿಲ ಮೇಲೆ ಮಂಡಿಯೂರಿದಳು. ಹೊಸಿಲ ಮೇಲೆ ಕೂರಬಾರದೆಂದು ಬರಗೇರಮ್ಮ ಹೇಳಲಿಲ್ಲ.

"ಏನ್ರೇ ಇದು, ನಡು ಬಾಗಿಲಾಗೆ ಇಬ್ರೂ?" ಜಯಶೀಲಾ ಹಿಂತಿರುಗಿ ಬಂದಿದ್ದಳು. ಮೆಟ್ಟಿಲ ಮೇಲೆ ಅವಳ ಕಾಲು ಆಗಲೇ ಎದ್ದಿತ್ತು.

"ಅಲ್ಲೇ ನಿಂತ್ಕಳೇ ಜಯಶೀಲಾ," ಎಂದಳು ಬರಗೇರಮ್ಮ, ತಲೆ ಎತ್ತದೆ. "ಕಾಳು ತುಳೀತೀಯ."

ಜಯಶೀಲಾ ನಿಂತಳು. ಬರಗೇರಮ್ಮ ಸೆರಗಿನ ಅಂಚನ್ನು ಇನ್ನೊಂದಿಷ್ಟು ತಗ್ಗಿಸಿ ಹಿಡಿದಳು. ತಮಾಂಡ ಕಲ್ಲಿನ ಸಂದಿನಿಂದ ಒಂದು ಕಾಳನ್ನು ಉಗುರಿನಲ್ಲಿ ಎಬ್ಬಿಸಿ, ಊದಿ, ಹಣೆಗೆ ಮುಟ್ಟಿಸಿ, ಅದರೊಳಗೆ ಹಾಕಿದಳು. ಆಮೇಲೆ ಇನ್ನೊಂದನ್ನು.